ಕೊಳದ ಕೀಟಗಳೂ ಕಪ್ಪು-ಬಿಳುಪು ಚಿತ್ರಗಳೂ

ಬಣ್ಣದ ಛಾಯಾಚಿತ್ರ ಎಲ್ಲರ ಕೈಗೂ ಎಟಕುವಂತಾಗಿರುವ ಈ ಕಾಲದಲ್ಲಿ ಕಪ್ಪು-ಬಿಳುಪು ಚಿತ್ರಗಳ ಪರವಾಗಿ ಮಾತನಾಡುವವನನ್ನು ಜನ ಹಳೆಯ ಕಾಲದವನೆಂದು ತಿಳಿದರೆ ಆಶ್ಚರ್ಯವಿಲ್ಲ. ಜಗತ್ತೇ ವರ್ಣಮಯವಾಗಿರುವಾಗ ಅದನ್ನು ಬೂದಿಬಣ್ಣಕ್ಕೆ ಇಳಿಸುವುದೇಕೆ ಎಂದು ಅವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನವಿಲಿನ ಮಟ್ಟಿಗೆ, ಹೂದೋಟದ ಮಟ್ಟಿಗೆ ನನ್ನಲ್ಲಿ ಅದಕ್ಕೆ ಉತ್ತರವಿಲ್ಲ. ಆದರೆ ಕೊಳದ ಕೀಟಗಳ ಬಾಳನ್ನು ಅರಿಯಲು ಕಪ್ಪು-ಬಿಳುಪು ಚಿತ್ರಕ್ಕಿಂತ ಒಳ್ಳೆಯ ಗುರು ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಊರುಗಳ ಯಾವುದಾದರೂ ಕಟ್ಟೆಯ ಬಳಿಗೆ ಎಳೆಬಿಸಿಲಿನಲ್ಲಿ ಹೋಗಿ, ದಡದ ಕಲ್ಲಿನ ಮೇಲೆ ಒಂದು ಗಳಿಗೆ ಸುಮ್ಮನೆ ಕುಳಿತು ನೋಡಿ. ಉದ್ದಕಾಲಿನ ಕೀಟವೊಂದು ನೀರಿನ ಮೇಲೆ ಸಲೀಸಾಗಿ ಜಾರುತ್ತಿರುತ್ತದೆ. ಅದರ ಕಾಲಿನ ನವುರಾದ ರೋಮಗಳು ನೆನೆಯುವುದಿಲ್ಲ. ನೀರಿನ ಮೇಲ್ಮೈ ಎಳೆತವು ಅದರ ಹಗುರವಾದ ದೇಹವನ್ನು ಹೊತ್ತು ನಿಲ್ಲಿಸುತ್ತದೆ. ಕಾಲೂರಿದ ಕಡೆಯಲ್ಲಿ ನೀರಿನ ಮೈ ಒಡೆಯದೆ ತುಸು ತಗ್ಗುತ್ತದೆ. ಈ ತಗ್ಗು ಬರಿಗಣ್ಣಿಗೆ ಸುಲಭವಾಗಿ ಕಾಣದು. ಆದರೆ ತಿಳಿನೀರಿನ ತಳದಲ್ಲಿ ಅದರ ಸಾಕ್ಷಿ ಇದೆ: ಕೂದಲೆಳೆಯಂತಹ ಕಾಲಿಗೆ ದುಂಡನೆಯ ದೊಡ್ಡ ನೆರಳು, ಆ ನೆರಳಿನ ಸುತ್ತ ಬೆಳಕಿನ ಅಂಚು! ತಗ್ಗಿದ ನೀರು ಮಸೂರದಂತೆ ಬೆಳಕನ್ನು ಹೊರಕ್ಕೆ ಬಾಗಿಸಿದುದರ ಫಲವಿದು. ಬಣ್ಣದ ಚಿತ್ರದಲ್ಲಿ ಹಸಿರು ಪಾಚಿ, ಕೆಮ್ಮಣ್ಣು, ಆಕಾಶದ ನೀಲಿ ಇವುಗಳ ಸಂತೆಯಲ್ಲಿ ಈ ನೆರಳು ಕಳೆದುಹೋಗುತ್ತದೆ. ಕಪ್ಪು-ಬಿಳುಪಿನಲ್ಲಿ ಕಣ್ಣು ಮೊದಲು ಹೋಗುವುದೇ ಅದರ ಕಡೆಗೆ.

ಕೊಳದ ಕೀಟಗಳಲ್ಲಿ ಹೆಚ್ಚಿನವು ಕಂದು ಇಲ್ಲವೆ ಕಪ್ಪು. ಅವುಗಳ ವೈಭವವಿರುವುದು ಬಣ್ಣದಲ್ಲಲ್ಲ, ಆಕಾರದಲ್ಲಿ. ಬೆಳಕಿನೊಡನೆ ಅವು ಹೂಡಿರುವ ವ್ಯವಹಾರದಲ್ಲಿ. ಅಂಗಾತವಾಗಿ ಈಜುವ ಕೀಟವನ್ನೇ ನೋಡಿ. ಮೀನಿಗೆ ಬೆನ್ನು ಕಪ್ಪು, ಹೊಟ್ಟೆ ಬಿಳುಪು. ಈ ಕೀಟದಲ್ಲಿ ಎಲ್ಲವೂ ತಿರುವುಮುರುವು. ಮೇಲ್ಮುಖವಾದ ಹೊಟ್ಟೆ ಕಪ್ಪಾಗಿದ್ದು ಮೇಲಿನಿಂದ ನೋಡುವ ಹಕ್ಕಿಗೆ ನೀರಿನ ಕತ್ತಲೆಯಲ್ಲಿ ಬೆರೆತುಹೋಗುತ್ತದೆ. ಕೆಳಮುಖವಾದ ಬೆನ್ನು ಬಿಳಿಚಿಕೊಂಡಿದ್ದು ಕೆಳಗಿರುವ ಶತ್ರುವಿಗೆ ಆಕಾಶದ ಬೆಳಕಿನಲ್ಲಿ ಮರೆಯಾಗುತ್ತದೆ. ನೀರಿನ ಮೇಲೆ ಗಿರಕಿ ಹೊಡೆಯುವ ಜೀರುಂಡೆಯ ಒಂದೊಂದು ಕಣ್ಣೂ ಎರಡು ಭಾಗವಾಗಿದೆ. ಒಂದು ಭಾಗ ನೀರಿನ ಮೇಲಿನದನ್ನು ನೋಡಿದರೆ ಇನ್ನೊಂದು ನೀರಿನೊಳಗಿನದನ್ನು ನೋಡುತ್ತದೆ. ಮುಳುಗು ಹಾಕುವ ಜೀರುಂಡೆ ತನ್ನ ಗಟ್ಟಿರೆಕ್ಕೆಗಳ ಕೆಳಗೆ ಉಸಿರಿಗೆ ಬೇಕಾದ ಗಾಳಿಯನ್ನು ಬುತ್ತಿಯಂತೆ ಕಟ್ಟಿಕೊಂಡು ಹೋಗುತ್ತದೆ. ಅದರ ಹಿಂತುದಿಯಲ್ಲಿ ಒಮ್ಮೊಮ್ಮೆ ಕಾಣುವ ಗುಳ್ಳೆ ಬೆಳ್ಳಿಯ ಮಣಿಯಂತೆ ಹೊಳೆಯುತ್ತದೆ. ಇವನ್ನೆಲ್ಲ ತೋರಿಸಲು ನೆರಳು ಬೆಳಕುಗಳೇ ಸಾಕು.

ಬಣ್ಣವಿಲ್ಲದೆ ನಡೆಯದ ಸಂದರ್ಭಗಳು ಇಲ್ಲವೆಂದಲ್ಲ. ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟಗಳಲ್ಲಿ ಇದು ಯಾವ ಜಾತಿ, ಗಂಡೋ ಹೆಣ್ಣೋ ಎಂದು ನಿರ್ಧರಿಸಲು ಮೈಬಣ್ಣವೇ ಮುಖ್ಯ ಆಧಾರ. ಹೆಸರು ಹಚ್ಚಬೇಕಾದಾಗ ಬಣ್ಣದ ಚಿತ್ರವನ್ನೇ ತೆಗೆಯಬೇಕು. ಆದರೆ ಹೆಸರು ತಿಳಿದೊಡನೆ ಜೀವಿಯನ್ನೇ ತಿಳಿದೆವೆಂದು ಭ್ರಮಿಸುವುದು ನಮ್ಮ ದೊಡ್ಡ ದೋಷ. ಅಲ್ಲದೆ, ನಮಗೆ ಕಾಣುವ ಬಣ್ಣವೇ ಕೀಟಕ್ಕೂ ಕಾಣುತ್ತದೆಂಬ ನಿಯಮವಿಲ್ಲ. ಹೊಸ ಕೊಳವನ್ನರಸಿ ಹಾರುವ ಅನೇಕ ನೀರುಕೀಟಗಳು ನೀರನ್ನು ಗುರುತಿಸುವುದು ಅದರ ಬಣ್ಣದಿಂದಲ್ಲ, ಅದರ ಮೇಲ್ಮೈಯಿಂದ ಪ್ರತಿಫಲಿಸಿದ ಧ್ರುವೀಕೃತ ಬೆಳಕಿನಿಂದ. ಈ ಕಾರಣದಿಂದಲೇ ಅವು ಹೊಳೆಯುವ ಕರಿಯ ಕಾರನ್ನೂ ಡಾಂಬರು ರಸ್ತೆಯನ್ನೂ ನೀರೆಂದು ಬಗೆದು ಮೋಸಹೋಗುವುದುಂಟು. ಕೊಳವೆಂದರೆ ಅವುಗಳ ಪಾಲಿಗೆ ಒಂದು ಬಗೆಯ ಹೊಳಪು, ಅಷ್ಟೆ.

ಕಪ್ಪು-ಬಿಳುಪಿನ ಶಕ್ತಿಯನ್ನು ಬಲ್ಲ ಹಿರಿಯರು ನಮ್ಮ ನಾಡಿನಲ್ಲಿಯೇ ಇದ್ದರು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ವನ್ಯಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳಿಂದ ಹೆಸರಾದವರು. 1983ರಲ್ಲಿ ಪ್ರಕಟವಾದ ಅವರ ಪುಸ್ತಕಕ್ಕೆ ಬಿಸಿಲು ಮತ್ತು ನೆರಳುಗಳ ಹೆಸರನ್ನೇ ಇಟ್ಟಿದ್ದಾರೆ. ಆನೆಗೆ ಒಪ್ಪಿದ್ದು ನೀರಿನ ಹುಳುವಿಗೆ ಒಪ್ಪದೆ ಇರುತ್ತದೆಯೆ?

ಆದರೆ ನೆರಳು ಬೆಳಕಿನ ಮೋಹವೂ ದಾರಿ ತಪ್ಪಿಸಬಲ್ಲುದು. ಇದನ್ನು ನನ್ನ ತಪ್ಪಿನಿಂದಲೇ ಕಲಿತೆ. ಕೊಳಗಳಲ್ಲಿ ಚಪ್ಪಟೆಯಾದ ಒಂದು ಬಗೆಯ ನೀರುತಿಗಣೆ ಇದೆ. ಅದರ ಹೆಣ್ಣು ಗಂಡಿನ ಬೆನ್ನಿನ ಮೇಲೆಯೇ ಮೊಟ್ಟೆಗಳನ್ನು ಅಂಟಿಸುತ್ತದೆ. ಮರಿಗಳು ಹೊರಬರುವವರೆಗೆ ತಂದೆ ಅವನ್ನು ಹೊತ್ತು ತಿರುಗುತ್ತ, ಆಗಾಗ ನೀರಿನ ಮೇಲಕ್ಕೆ ಬಂದು ಅವಕ್ಕೆ ಗಾಳಿಯಾಡಿಸುತ್ತದೆ. ಅಂತಹ ಒಂದು ಗಂಡನ್ನು ನಾನು ಗಾಜಿನ ಬಟ್ಟಲಿನಲ್ಲಿ ಮನೆಗೆ ತಂದು, ನೆರಳುಗಳು ಸ್ಫುಟವಾಗಿ ಮೂಡಲೆಂದು ಪ್ರಖರವಾದ ದೀಪದ ಕೆಳಗೆ ಗಂಟೆಗಟ್ಟಲೆ ಇರಿಸಿದೆ. ಸಂಜೆಯ ಹೊತ್ತಿಗೆ ಅದು ಮೊಟ್ಟೆಗಳ ಹೊರೆಯನ್ನು ಕಳಚಿಹಾಕಿತ್ತು. ಅವು ಮರಿಯಾಗಲಿಲ್ಲ. ಚಿತ್ರ ಬಹಳ ಸೊಗಸಾಗಿ ಬಂದಿತು. ಒಂದೊಂದು ಮೊಟ್ಟೆಯನ್ನೂ ಎಣಿಸಬಹುದು. ಆದರೆ ಅದನ್ನು ಈವರೆಗೆ ನಾನು ಯಾರಿಗೂ ತೋರಿಸಿಲ್ಲ. ಅಂದಿನಿಂದ ದೀಪವನ್ನೂ ಬಟ್ಟಲನ್ನೂ ಬಿಟ್ಟು, ದಡದಲ್ಲಿಯೇ ಕುಳಿತು ಬೆಳಗಿನ ಓರೆಬಿಸಿಲಿಗಾಗಿ ಕಾಯುವುದನ್ನು ಅಭ್ಯಾಸ ಮಾಡಿಕೊಂಡೆ. ಎಷ್ಟೋ ದಿನ ಬರಿಗೈಯಲ್ಲಿ ಹಿಂದಿರುಗುತ್ತೇನೆ. ಆದರೆ ಕಾದು ಕುಳಿತಾಗ ಕಣ್ಣು ಕಲಿತಷ್ಟನ್ನು ದೀಪದ ಕೆಳಗೆ ಎಂದೂ ಕಲಿತಿರಲಿಲ್ಲ.

ಇಂದು ಮೊಬೈಲ್ ಫೋನಿನಲ್ಲಿಯೂ ಕಪ್ಪು-ಬಿಳುಪು ಚಿತ್ರವನ್ನು ತೆಗೆಯಬಹುದು. ಇದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಬೇಕಾದುದು ತಾಳ್ಮೆ, ಮತ್ತು ಒಂದು ಜೀವಂತ ಕೊಳ. ತಾಳ್ಮೆಯನ್ನು ನಾವು ಬೆಳೆಸಿಕೊಳ್ಳಬಹುದು. ಕೊಳಗಳಾದರೋ ಒಂದೊಂದಾಗಿ ಹೂಳು ತುಂಬಿ, ಕಸ ತುಂಬಿ, ನಿವೇಶನಗಳಾಗುತ್ತಿವೆ. ಅಲ್ಲಿ ಹುಳುಹುಪ್ಪಟೆಯಲ್ಲದೆ ಮತ್ತೇನಿತ್ತು ಎಂದು ಕೇಳುವವರಿಗೆ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರಬೇಕು. ಬೆನ್ನಿನ ಮೇಲೆ ಮಕ್ಕಳನ್ನು ಹೊತ್ತು ನೀರಿನ ಮೇಲಕ್ಕೆ ಬರುತ್ತಿರುವ ಆ ತಂದೆಯ ಚಿತ್ರವನ್ನು, ಅದನ್ನು ನೋಯಿಸದೆ ತೆಗೆದ ಚಿತ್ರವನ್ನು, ಒಮ್ಮೆ ನೋಡಿದವನಿಗೆ ಕೊಳಕ್ಕೆ ಮಣ್ಣು ಸುರಿಯುವುದು ಅಷ್ಟು ಸುಲಭವಾಗಲಾರದು.