ಫೈಬರ್ ದೋಣಿ ಕೊಳೆಯುವುದೇ ಇಲ್ಲವೇ?

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಾವೇರಿ ದಡದಲ್ಲಿ ತೆಪ್ಪಗಳನ್ನು ಕವುಚಿ ಹಾಕಿರುತ್ತಾರೆ. ಬಿದಿರಿನ ಹೆಣಿಗೆ, ಹೊರಗೆ ಪ್ಲಾಸ್ಟಿಕ್ ಹೊದಿಕೆ, ಮೇಲೆ ಡಾಂಬರು. ಒಳಬಂದ ನೀರು ಕಣ್ಣಿಗೆ ಕಾಣುತ್ತದೆ, ಕವುಚಿದರೆ ಇಳಿದು ಒಣಗುತ್ತದೆ. ಫೈಬರ್ ದೋಣಿಗೆ ಈ ಕಾಟವೇ ಇಲ್ಲ ಎಂದು ಹಲವರು ನಂಬುತ್ತಾರೆ. ನಾವು ನೋಡಿದಂತೆ ಇದು ಅರ್ಧ ನಿಜ.

ಗಾಜಿನ ಎಳೆಗೆ ರೆಸಿನ್ ಕುಡಿಸಿ ಮಾಡಿದ ಫೈಬರ್‌ಗ್ಲಾಸ್ ಕೊಳೆಯದು, ಸರಿ. ಆದರೆ ಹಳೆಯ ಹಾಯಿದೋಣಿಗಳ ಡೆಕ್, ಅಂದರೆ ನಾವು ಕಾಲಿಟ್ಟು ನಡೆಯುವ ಮೇಲ್ಭಾಗ, ಹಲವು ಕಡೆ ಬರೀ ಫೈಬರ್ ಅಲ್ಲ. ಹಗುರವಾಗಿಯೂ ಗಟ್ಟಿಯಾಗಿಯೂ ಇರಲೆಂದು ಎರಡು ತೆಳು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟಿರುತ್ತಾರೆ. ಕಂಬಿ, ಕೊಂಡಿಗಳ ಸ್ಕ್ರೂ ತೂತಿನಿಂದ ನೀರು ಅಲ್ಲಿಗಿಳಿಯುತ್ತದೆ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆ ಇದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯದು. ಇಲ್ಲಿ ತೇವಕ್ಕೆ ಹೊರಬರುವ ದಾರಿಯೇ ಇಲ್ಲ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನ ಮರ ನೆನೆದ ರಸ್ಕಿನಂತಾಗುತ್ತದೆ. ಆಯತಪ್ಪಿದಾಗ ಹಿಡಿದುಕೊಂಡ ಕಂಬಿ ಬುಡಸಮೇತ ಕಿತ್ತುಬರಬಹುದು.

ಮದ್ದೂರಿನ ಎಳನೀರು ವ್ಯಾಪಾರಿ ಕಾಯಿ ತಟ್ಟುವ ಹಾಗೆ ಡೆಕ್ಕನ್ನೂ ತಟ್ಟಿ ನೋಡಬೇಕು. ಗಟ್ಟಿ ಜಾಗ ‘ಟಕ್’ ಎನ್ನುತ್ತದೆ, ಕೊಳೆತದ್ದು ಮಂದವಾಗಿ ‘ದಬ್’.

ಸಣ್ಣ ತೂತು ಕೊರೆದು ಎಪಾಕ್ಸಿ ಸುರಿದರೆ ಸಾಕು ಎನ್ನುವವರಿದ್ದಾರೆ. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಕಚ್ಚದು, ತೇವವೂ ಒಳಗೇ ಉಳಿಯುತ್ತದೆ. ಮೇಲಿನ ಪದರ ಕೊಯ್ದು, ಕೊಳೆತದ್ದನ್ನೆಲ್ಲ ಕೆರೆದು, ಪೂರ್ತಿ ಒಣಗಿಸಿ, ಹೊಸ ಮರ ಅಂಟಿಸಿ, ಗಾಜಿನ ಬಟ್ಟೆ ಮತ್ತು ಎಪಾಕ್ಸಿಯಿಂದ ಮುಚ್ಚಬೇಕು. ಉಜ್ಜುವಾಗ ಏಳುವ ಧೂಳಿಗೆ ಕರವಸ್ತ್ರ ಸಾಲದು, ಒಳ್ಳೆಯ ಮಾಸ್ಕ್ ಬೇಕು. ಕೊನೆಗೆ ಸ್ಕ್ರೂ ತೂತನ್ನು ಅಗಲವಾಗಿ ಕೊರೆದು ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸ್ಕ್ರೂವಿನಷ್ಟೇ ತೂತು ಹಾಕಿದರೆ, ಸೋರಿದ ನೀರಿಗೂ ಮರ ಸಿಗುವುದಿಲ್ಲ.