ಅರೆಬೆಂದ ಅನ್ನಕ್ಕೆ ಪೂರ್ತಿ ಬಿಲ್ಲು!

ಕೋಟು ಹೊಲಿಸಲು ಕೊಟ್ಟವನನ್ನು ದರ್ಜಿ ಒಂದು ಸಲ 'ಟ್ರಯಲ್' ನೋಡಲು ಕರೆಯುತ್ತಾನೆ. ಕಚ್ಚಾ ಹೊಲಿಗೆಯ ಕೋಟನ್ನು ಮೈಮೇಲೆ ಹಾಕಿಸಿ, ಕಂಕುಳಲ್ಲಿ ಬಿಗಿಯೋ, ತೋಳು ಉದ್ದವೋ ನೋಡಿ, ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾನೆ. ಪಕ್ಕಾ ಹೊಲಿಗೆ ಏನಿದ್ದರೂ ಆಮೇಲೆ. ಬೆಲ್ಲದ ಮಂಡಿಯಲ್ಲೂ ಅಷ್ಟೆ. ಚೂರು ಮುರಿದು ಬಾಯಿಗೆ ಹಾಕಿಕೊಳ್ಳದೆ ಯಾವ ವ್ಯಾಪಾರಿಯೂ ಪೆಂಟೆಗೆ ಬೆಲೆ ಕೂಗುವುದಿಲ್ಲ.

ಕೋಟಿಗಟ್ಟಲೆ ಡಾಲರ್ ಹರಿದಾಡುವ ಒಂದು ವ್ಯಾಪಾರದಲ್ಲಿ ಮಾತ್ರ ಈ ಪದ್ಧತಿ ಇನ್ನೂ ಕಡ್ಡಾಯವಾಗಿಲ್ಲ. ಅದು ವಿಡಿಯೋ ಗೇಮ್ ವ್ಯಾಪಾರ. ಇಲ್ಲಿ ಗಿರಾಕಿ ಮೊದಲು ದುಡ್ಡು ಕೊಡಬೇಕು, ಮಾಲು ಕೆಟ್ಟಿದೆಯೋ ಸರಿ ಇದೆಯೋ ಎಂಬುದು ಆಮೇಲೆ ಗೊತ್ತಾಗಬೇಕು. ದೊಡ್ಡ ಆಟವೊಂದಕ್ಕೆ ಈಗ ನಾಲ್ಕೈದು ಸಾವಿರ ರೂಪಾಯಿ ಕೊಡುವವರು ಜಿಲ್ಲಾ ಕೇಂದ್ರಗಳಲ್ಲೂ ಇದ್ದಾರೆ. ಮಗನ ಹಟಕ್ಕೆ ಸೋತು ಕೊಡುವ ಅಪ್ಪಂದಿರು ಅವರಿಗಿಂತ ಹೆಚ್ಚು.

ಹಾಗಾದರೆ ಆಟ ಮಾಡುವ ಕಂಪನಿಗಳು ಬಿಡುಗಡೆಗೆ ಮುಂಚೆ ಅದನ್ನು ಜನರ ಕೈಗೆ ಪರೀಕ್ಷೆಗೆ ಕೊಡಬೇಕೇ ಬೇಡವೇ? ಹೀಗೆ ಕೊಡುವುದಕ್ಕೆ ಆ ಲೈನಿನಲ್ಲಿ 'ಬೀಟಾ' ಅಂತಾರೆ. ಗ್ರೀಕರ ಅಕ್ಷರಮಾಲೆಯ ಎರಡನೇ ಅಕ್ಷರ. ಕಂಪನಿಯ ಒಳಗಿನವರೇ ನೋಡುವುದು ಮೊದಲ ಹಂತ, ಆಲ್ಫಾ. ಹೊರಗಿನವರಿಗೆ ತೋರಿಸುವುದು ಎರಡನೇ ಹಂತ, ಬೀಟಾ. ಕರೆದವರಿಗೆ ಮಾತ್ರ ಪ್ರವೇಶವಿದ್ದರೆ ಮುಚ್ಚಿದ ಬೀಟಾ, ಯಾರು ಬೇಕಾದರೂ ಬರಬಹುದಾದರೆ ತೆರೆದ ಬೀಟಾ.

ವಾರ್ಸಾದ ಕಥೆ

ತೋರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಡಿಸೆಂಬರ್ ಸಾಕ್ಷಿ. ಪೋಲೆಂಡಿನ ವಾರ್ಸಾದಲ್ಲಿರುವ ಸಿಡಿ ಪ್ರೊಜೆಕ್ಟ್ ಎಂಬ ಕಂಪನಿ 'ಸೈಬರ್‌ಪಂಕ್ 2077' ಎಂಬ ಆಟ ತಯಾರಿಸಿತು. ಏಪ್ರಿಲ್‌ಗೆ ಬರಬೇಕಿದ್ದದ್ದು ಸೆಪ್ಟೆಂಬರ್‌ಗೆ ಹೋಯಿತು, ಅಲ್ಲಿಂದ ನವೆಂಬರ್‌ಗೆ, ಅಲ್ಲಿಂದ ಡಿಸೆಂಬರ್ 10ಕ್ಕೆ. ಇಷ್ಟು ಸಲ ಮುಹೂರ್ತ ಮುಂದೂಡಿದ ಮೇಲೆ ಅಡಿಗೆ ಚೆನ್ನಾಗಿಯೇ ಬೆಂದಿರಬೇಕು ಅಂತ ಜನ ನಂಬಿದರು.

ಮೊದಲೇ ವಿಮರ್ಶೆ ಬರೆಯುವ ಪತ್ರಕರ್ತರಿಗೆ ಕಂಪನಿ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ದುಬಾರಿ ಕಂಪ್ಯೂಟರಿನಲ್ಲಿ ಆಟ ಚೆನ್ನಾಗಿಯೇ ಓಡುತ್ತಿತ್ತು. ಹೊಗಳಿಕೆ ಬಂತು. ಆದರೆ ಕೋಟ್ಯಂತರ ಜನರ ಮನೆಯಲ್ಲಿದ್ದದ್ದು 2013ರಲ್ಲಿ ಬಂದ ಹಳೇ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಪೆಟ್ಟಿಗೆಗಳು. ಅವುಗಳಲ್ಲಿ ಆಟ ಮುಗ್ಗರಿಸಿತು. ಚಿತ್ರ ಮಸುಕು, ನಡುವೆ ಆಟ ಬಂದ್, ಪಾತ್ರಗಳು ಗಾಳಿಯಲ್ಲಿ ನೇತಾಡುವ ಪರಿಸ್ಥಿತಿ.

ಡಿಸೆಂಬರ್ 14ಕ್ಕೆ ಕಂಪನಿ ಕ್ಷಮೆ ಕೇಳಿತು. ಅದೇ ವಾರ ಸೋನಿ ಕಂಪನಿ ತನ್ನ ಅಂಗಡಿಯಿಂದ ಆಟವನ್ನೇ ಎತ್ತಿ ಹಾಕಿತು, ಕೊಂಡವರಿಗೆ ದುಡ್ಡು ವಾಪಸ್ ಅಂದಿತು. ಆಟ ಮತ್ತೆ ಆ ಅಂಗಡಿಗೆ ಬಂದದ್ದು 2021ರ ಜೂನ್ 21ಕ್ಕೆ. ಸತ್ಯ ಮುಚ್ಚಿಟ್ಟಿರಿ ಎಂದು ಅಮೆರಿಕದಲ್ಲಿ ಷೇರುದಾರರು ದಾವೆ ಹೂಡಿದರು. 18.5 ಲಕ್ಷ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು.

ಇದರಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಕಂಪನಿಯ ಸಂಸ್ಥಾಪಕರಲ್ಲಿ ಒಬ್ಬರಾದ ಮಾರ್ಚಿನ್ ಇವಿನ್‌ಸ್ಕಿ 2021ರ ಜನವರಿಯಲ್ಲಿ ಕೊಟ್ಟ ವಿವರಣೆಯ ಸಾರಾಂಶ ಹೀಗಿತ್ತು: ಜನ ಕಂಡ ತೊಂದರೆಗಳಲ್ಲಿ ಬಹಳಷ್ಟು ತಮ್ಮ ಪರೀಕ್ಷೆಯಲ್ಲಿ ಕಾಣಲೇ ಇಲ್ಲ. ಇದು ನಿಜವೇ ಆಗಿದ್ದರೆ ತೆರೆದ ಬೀಟಾದ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ. ಕಂಪನಿಯ ನೂರಾರು ಜನಕ್ಕೆ ತಿಂಗಳಾನುಗಟ್ಟಲೆ ಕಾಣದ್ದು ಹಳೇ ಪೆಟ್ಟಿಗೆ ಇಟ್ಟುಕೊಂಡ ಹುಡುಗರಿಗೆ ಮೊದಲ ದಿನವೇ ಕಂಡಿತು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು. ಆದರೆ ಆ ಅಗುಳನ್ನು ಹಿಸುಕಿ ನೋಡುವವನು ಬೇಕಲ್ಲ!

ಹೊಟ್ಟೆ ಉರಿಯುವ ಸಂಗತಿ ಅಂದರೆ ಈ ಆಟ ಮೊದಲ ಹತ್ತು ದಿನದಲ್ಲೇ 1 ಕೋಟಿ 30 ಲಕ್ಷ ಪ್ರತಿ ಮಾರಾಟವಾಗಿತ್ತು. 2023ರ ಸೆಪ್ಟೆಂಬರ್ ಹೊತ್ತಿಗೆ ರಿಪೇರಿ ಮುಗಿಸಿ ಒಳ್ಳೆಯ ಹೆಸರನ್ನೂ ಗಳಿಸಿತು. ಕಂಪನಿ ಗೆದ್ದಿತು. ಮೊದಲ ದಿನ ಪೂರ್ತಿ ಬಿಲ್ಲು ಕೊಟ್ಟವನು ಮಾತ್ರ ಮೂರು ವರ್ಷ ಕಾದ.

ಘೆಂಟ್‌ನವರ ಜಾಣತನ

ಇನ್ನೊಂದು ದಾರಿಯೂ ಇದೆ. ಬೆಲ್ಜಿಯಂ ದೇಶದ ಘೆಂಟ್ ಊರಿನ ಲಾರಿಯನ್ ಕಂಪನಿ 'ಬಾಲ್ಡರ್ಸ್ ಗೇಟ್ 3' ಆಟದ ಮೊದಲ ಅಂಕವನ್ನು ಮಾತ್ರ 2020ರ ಅಕ್ಟೋಬರ್ 6ರಂದು ಜನರಿಗೆ ಬಿಟ್ಟಿತು. ಇನ್ನೂ ಮುಗಿದಿಲ್ಲ, ತಪ್ಪುಗಳಿವೆ ಎಂದು ಮೊದಲೇ ಬಾಯಿಬಿಟ್ಟು ಹೇಳಿತು. ಜನ ಆಡಿದರು, ಬೈದರು, ಸಲಹೆ ಕೊಟ್ಟರು. ಸುಮಾರು ಮೂರು ವರ್ಷ ತಿದ್ದಿ, 2023ರ ಆಗಸ್ಟ್ 3ರಂದು ಪೂರ್ತಿ ಆಟ ಬಿಡುಗಡೆಯಾಯಿತು. ಆ ವರ್ಷದ ದೊಡ್ಡ ದೊಡ್ಡ ಪ್ರಶಸ್ತಿಗಳೆಲ್ಲ ಅದಕ್ಕೇ.

'ಮೊದಲೇ ತೋರಿಸಿದರೆ ಕಥೆ ಬಯಲಾಗುತ್ತದೆ' ಎಂದು ಕಂಪನಿಗಳು ಹೇಳುವ ನೆಪಕ್ಕೆ ಇಲ್ಲಿ ಉತ್ತರವಿದೆ. ಒಂದಂಕ ತೋರಿಸಿ, ಉಳಿದದ್ದಕ್ಕೆ ಪರದೆ ಬಿಟ್ಟಿರಿ. ಅದರಲ್ಲೂ ಒಂದು ತಮಾಷೆ. ಜನ ಮೂರು ವರ್ಷ ಉಜ್ಜಿ ನೋಡಿದ ಮೊದಲ ಅಂಕ ಗಟ್ಟಿಯಾಗಿತ್ತು. ಯಾರಿಗೂ ತೋರಿಸದೆ ಇಟ್ಟಿದ್ದ ಮೂರನೇ ಅಂಕದ ಮೇಲೇ ಬಿಡುಗಡೆಯಾದಾಗ ಹೆಚ್ಚು ದೂರು ಬಂದದ್ದು.

ಹಾಗಂತ ಇದೂ ಪೂರ್ತಿ ಧರ್ಮದ ವ್ಯವಹಾರವಲ್ಲ. ಅರ್ಧ ಆಟಕ್ಕೂ ಪೂರ್ತಿ ಬೆಲೆ, 60 ಡಾಲರ್, ಮೊದಲೇ ವಸೂಲಿ ಮಾಡಿದ್ದರು. ವ್ಯತ್ಯಾಸ ಇಷ್ಟೇ: ಲಾರಿಯನ್‌ನವರು ಮಾತು ಉಳಿಸಿಕೊಂಡರು.

ಬೀಟಾ ಹೆಸರಿನ ಅಂಗಡಿ

ಎಲ್ಲರೂ ಉಳಿಸಿಕೊಳ್ಳುವುದಿಲ್ಲ. ವಾರ್ನರ್ ಬ್ರದರ್ಸ್‌ನ 'ಮಲ್ಟಿವರ್ಸಸ್' ಎಂಬ ಆಟ 2022ರ ಜುಲೈನಲ್ಲಿ ತೆರೆದ ಬೀಟಾ ಎಂದು ಬಂತು. ಆಡಲು ದುಡ್ಡಿಲ್ಲ ಅಂದರು. ಆದರೆ ಒಳಗೆ 100 ಡಾಲರ್‌ವರೆಗಿನ ಪ್ಯಾಕೆಟ್ ಮಾರಾಟಕ್ಕಿತ್ತು. 2023ರ ಜೂನ್‌ನಲ್ಲಿ 'ಬೀಟಾ ಮುಗಿಯಿತು' ಎಂದು ಬಾಗಿಲು ಹಾಕಿದರು. ದುಡ್ಡು ಸುರಿದವರು ಹನ್ನೊಂದು ತಿಂಗಳು ಬಾಗಿಲ ಹೊರಗೆ. 2024ರ ಮೇನಲ್ಲಿ ಮತ್ತೆ ತೆರೆದರು, 2025ರ ಮೇ 30ಕ್ಕೆ ಶಾಶ್ವತವಾಗಿ ಮುಚ್ಚಿದರು.

ಇದನ್ನು ಪರೀಕ್ಷೆ ಅನ್ನುತ್ತಾರೆಯೇ? ಗಲ್ಲಾಪೆಟ್ಟಿಗೆ ಇಟ್ಟುಕೊಂಡು ಕೂತ ಮೇಲೆ ಅದು ಅಂಗಡಿಯೇ. 'ಬೀಟಾ' ಎಂಬ ಬೋರ್ಡು ತಪ್ಪು ಕೇಳಿದವರ ಬಾಯಿ ಮುಚ್ಚಿಸಲು ಮಾತ್ರ.

ಇನ್ನೊಂದು ಬಗೆ ಇದೆ. ಮಾಡುವುದನ್ನು ಮಾಡುತ್ತಾರೆ, ಆದರೆ ತಿದ್ದಲು ಸಮಯವನ್ನೇ ಇಟ್ಟುಕೊಳ್ಳುವುದಿಲ್ಲ. 'ಬ್ಯಾಟಲ್‌ಫೀಲ್ಡ್ 2042' ಎಂಬ ಯುದ್ಧದ ಆಟದ ತೆರೆದ ಬೀಟಾ ನಡೆದದ್ದು 2021ರ ಅಕ್ಟೋಬರ್ ಮೊದಲ ವಾರಗಳಲ್ಲಿ, ಬಿಡುಗಡೆ ನವೆಂಬರ್ 19ಕ್ಕೆ. ದೂರು ಬಂದಾಗ 'ನೀವು ನೋಡಿದ್ದು ಹಳೇ ಪ್ರತಿ, ಹೊಸದು ಚೆನ್ನಾಗಿದೆ' ಅಂದರು. ಬಂದ ಮೇಲೆ ನೋಡಿದರೆ ಹೊಸದೂ ಅದೇ ಹಣೆಬರಹ. ಹಳೇ ಮಾಲು ತೋರಿಸಿ ಅಭಿಪ್ರಾಯ ಕೇಳುವುದು ಹೋದ ವರ್ಷದ ಬೆಲ್ಲ ನೆಕ್ಕಿಸಿ ಈ ವರ್ಷದ ಪೆಂಟೆ ಮಾರಿದ ಹಾಗೆ.

ಸೋನಿಯ 'ಕಾಂಕಾರ್ಡ್' ಗತಿಯಂತೂ ಹೇಳುವಂತಿಲ್ಲ. 2024ರ ಜುಲೈನಲ್ಲಿ ಬೀಟಾ. ಬಿಟ್ಟಿ ಕೊಟ್ಟರೂ ಜನ ಬರಲಿಲ್ಲ. ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕೆ? ಆದರೂ ಐದು ವಾರಕ್ಕೆ, ಆಗಸ್ಟ್ 23ರಂದು, 40 ಡಾಲರ್ ಬೆಲೆ ಕಟ್ಟಿ ಬಿಡುಗಡೆ ಮಾಡಿಯೇಬಿಟ್ಟರು. ಸೆಪ್ಟೆಂಬರ್ 6ಕ್ಕೆ ಆಟ ಬಂದ್, ಎಲ್ಲರಿಗೂ ಹಣ ವಾಪಸ್. ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಸ್ಟುಡಿಯೋಗೇ ಬೀಗ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ!

ಬುದ್ಧಿ ಕಲಿತವರೂ ಇದ್ದಾರೆ. ಅದೇ ಬ್ಯಾಟಲ್‌ಫೀಲ್ಡ್ ಕಂಪನಿ ಮುಂದಿನ ಆಟಕ್ಕೆ 2025ರ ಆರಂಭದಲ್ಲೇ ಆಯ್ದ ಆಟಗಾರರನ್ನು ಕರೆದು, ಅರೆಬರೆ ಇರುವಾಗಲೇ ತೋರಿಸಿತು. ಆಗಸ್ಟ್‌ನಲ್ಲಿ ತೆರೆದ ಬೀಟಾ. ಅಕ್ಟೋಬರ್ 10ಕ್ಕೆ ಬಿಡುಗಡೆ. ಮೂರೇ ದಿನದಲ್ಲಿ 70 ಲಕ್ಷ ಪ್ರತಿ ಹೋಯಿತು ಎಂದು ಕಂಪನಿ ಹೇಳಿಕೊಂಡಿತು.

ಕಂಪನಿಯವರ ಅಳಲು

ಕಂಪನಿಗಳ ಮಾತಿನಲ್ಲೂ ಹುರುಳಿಲ್ಲದಿಲ್ಲ. ಬೀಟಾ ಅಂದರೆ ಬಿಟ್ಟಿ ಬರುವುದಲ್ಲ. ಅರ್ಧ ಕಟ್ಟಿದ ಮನೆಗೆ ಗೃಹಪ್ರವೇಶ ಮಾಡಿದ ಹಾಗೆ. ಜನ ಬಂದು ಹೋಗುವಷ್ಟಾದರೂ ನೆಲ ಹದ ಮಾಡಬೇಕು, ಸರ್ವರ್ ಬಾಡಿಗೆ ಕೊಡಬೇಕು, ಬಂದ ಸಾವಿರಾರು ದೂರು ಓದಲು ಜನ ಇಡಬೇಕು. ಐದಾರು ಹುಡುಗರು ಸೇರಿ ಮಾಡುವ ಪುಟ್ಟ ಕಂಪನಿಗೆ ಇದು ತಿಂಗಳುಗಟ್ಟಲೆ ಕೆಲಸ. ಮೇಲಾಗಿ ಕಚ್ಚಾ ಹೊಲಿಗೆ ನೋಡಿ 'ಕೋಟು ಸರಿ ಇಲ್ಲ' ಎಂದು ಊರೆಲ್ಲ ಸಾರಿಬಿಡುವ ಗಿರಾಕಿಗಳೂ ಇದ್ದಾರೆ.

ಆದರೂ ನಿಯಮ ಯಾರ ಮೇಲೆ ಬಿದ್ದಿದೆ ನೋಡಿ. ಗೂಗಲ್‌ನ ಪ್ಲೇ ಸ್ಟೋರ್‌ನಲ್ಲಿ 2023ರ ನವೆಂಬರ್ 13ರ ನಂತರ ಸ್ವಂತ ಹೆಸರಿನಲ್ಲಿ ಖಾತೆ ತೆರೆದವನು ಆ್ಯಪ್ ಬಿಡುವ ಮೊದಲು ಪರೀಕ್ಷಕರನ್ನು ಹುಡುಕಿ 14 ದಿನ ಎಡೆಬಿಡದೆ ಪರೀಕ್ಷೆ ಮಾಡಿಸಲೇಬೇಕು. ಮೊದಲು 20 ಜನ ಬೇಕಿತ್ತು, 2024ರ ಕೊನೆಗೆ 12ಕ್ಕೆ ಇಳಿಸಿದರು. ಕಂಪನಿ ಹೆಸರಿನ ಖಾತೆಗೆ ಈ ಕಟ್ಟುಪಾಡಿಲ್ಲ. ಒಬ್ಬಂಟಿ ಹುಡುಗ ಹನ್ನೆರಡು ಜನರ ಕೈಕಾಲು ಹಿಡಿಯಬೇಕು, ಸಾವಿರ ಜನ ದುಡಿಯುವ ಕಂಪನಿ ನೇರ ಬಾಗಿಲಲ್ಲಿ ಬರಬಹುದು. ಪ್ರಪಂಚ ಎಲ್ಲೆಲ್ಲೂ ಒಂದೇ!

ಇನ್ನೊಂದು ಅಪಾಯವೂ ಉಂಟು. ತಪ್ಪು ಹುಡುಕುವುದು ಸಂಬಳದ ಕೆಲಸ. ಅದನ್ನೇ ಉದ್ಯೋಗ ಮಾಡಿಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ. ಬೀಟಾ ನೆಪದಲ್ಲಿ ಆ ಕೆಲಸವನ್ನೆಲ್ಲ ಗಿರಾಕಿ ಕೈಲಿ ಬಿಟ್ಟಿ ಮಾಡಿಸಿಕೊಂಡು, ಸಂಬಳದವರನ್ನು ಮನೆಗೆ ಕಳಿಸುವುದಾದರೆ ಅದು ಪರೀಕ್ಷೆಯಲ್ಲ, ಬಿಟ್ಟಿ ಚಾಕರಿ.

ಬಸ್ಸಿನಲ್ಲಿ ಕೂತವನಿಗೇನು?

ಇದೆಲ್ಲ ಪರದೇಶದ ಪುರಾಣ ಎಂದು ಪತ್ರಿಕೆ ಮಡಿಚುವ ಹಾಗಿಲ್ಲ. ಸಂಜೆ ಬಸ್ಸಿನಲ್ಲಿ ತಲೆ ಬಗ್ಗಿಸಿ ಕೂತ ಹುಡುಗರ ಮೊಬೈಲ್ ಇಣುಕಿದರೆ ಸಾಕು. ಪಬ್‌ಜಿ ಮೊಬೈಲ್ ಆಟವನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಅದರ ಜಾಗಕ್ಕೆ ಕೊರಿಯಾದ ಕ್ರಾಫ್ಟನ್ ಕಂಪನಿ ತಂದ 'ಬಿಜಿಎಂಐ' 2021ರ ಜೂನ್ 17ರಂದು ಪರೀಕ್ಷೆಗೆ ಬಂದು, ಜುಲೈ 2ಕ್ಕೆ ಬಿಡುಗಡೆಯಾಯಿತು. ಪರೀಕ್ಷೆಗೆ ಸಿಕ್ಕಿದ್ದು ಹದಿನೈದೇ ದಿನ. ಕಂಪನಿಯ ಭಾರತದ ಕಚೇರಿ ಇರುವುದು ಬೆಂಗಳೂರಿನಲ್ಲೇ.

2022ರ ಜುಲೈನಲ್ಲಿ ಸರ್ಕಾರದ ಆದೇಶದ ಮೇಲೆ ಅದೂ ಅಂಗಡಿಯಿಂದ ಮಾಯವಾಯಿತು. 2023ರ ಮೇನಲ್ಲಿ ವಾಪಸ್ ಬಂದಾಗ ಸರ್ಕಾರ ಕೊಟ್ಟದ್ದು ಏನು ಗೊತ್ತೇ? ಮೂರು ತಿಂಗಳ ಪ್ರಾಯೋಗಿಕ ಅನುಮತಿ! ಆಟದ ಚಟ, ಬಳಕೆದಾರರ ಸುರಕ್ಷತೆ ಇವನ್ನೆಲ್ಲ ಆ ಮೂರು ತಿಂಗಳು ಕಣ್ಣಿಟ್ಟು ನೋಡುವುದಾಗಿ ಹೇಳಿತು. ಅಂದರೆ ಮೊದಲು ನೋಡಿ ಆಮೇಲೆ ಒಪ್ಪುವ ನೀತಿ ಸರ್ಕಾರಕ್ಕೆ ಸರಿ ಎನಿಸಿದೆ. ದುಡ್ಡು ಕೊಡುವ ಗಿರಾಕಿಗೆ ಅದೇ ನೀತಿ ಯಾಕಿರಬಾರದು?

ಸೈಬರ್‌ಪಂಕ್ ಪಾಠ ಇಲ್ಲಿಗೇ ಹೆಚ್ಚು ತಟ್ಟುವುದು. ಅಲ್ಲಿ ಏಟು ತಿಂದವರು ಹಳೇ ಪೆಟ್ಟಿಗೆಯವರು. ಇಲ್ಲಿ ತಾಲ್ಲೂಕಿನ ಹುಡುಗನ ಕೈಲಿರುವುದು ಎಂಟು-ಹತ್ತು ಸಾವಿರದ ಫೋನು, ದಿನಕ್ಕೆ ಇಷ್ಟೇ ಎಂದು ಅಳೆದು ಸಿಗುವ ಡೇಟಾ, ಊರಾಚೆ ಹೋದರೆ ಕೈಕೊಡುವ ಸಿಗ್ನಲ್ಲು. ಪರೀಕ್ಷೆ ದುಬಾರಿ ಫೋನಿನಲ್ಲಿ ಮಾತ್ರ ನಡೆದರೆ ಈ ಹುಡುಗನ ಕಷ್ಟ ಯಾರಿಗೂ ಗೊತ್ತಾಗುವುದಿಲ್ಲ. ತೆರೆದ ಬೀಟಾದ ನಿಜವಾದ ಬೆಲೆ ಇರುವುದು ಇಲ್ಲಿ. ಕರೆಯದೇ ಇದ್ದವನೂ ಬಂದು 'ಸ್ವಾಮಿ, ನನ್ನ ಫೋನಲ್ಲಿ ಇದು ಓಡ್ತಿಲ್ಲ' ಎಂದು ಹೇಳಲು ಅದೊಂದೇ ಬಾಗಿಲು.

ಏನಾಗಬೇಕು?

ಕಾನೂನು ಮಾಡಿ ಎಲ್ಲರ ಮೇಲೂ ಹೇರಿದರೆ ಪುಟ್ಟವರು ಸಾಯುತ್ತಾರೆ, ದೊಡ್ಡವರು ಶಾಸ್ತ್ರಕ್ಕೆ ಮೂರು ದಿನ ಬೀಟಾ ನಡೆಸಿ ಕೈ ತೊಳೆಯುತ್ತಾರೆ. ಆದರೆ ಮುಂಗಡ ದುಡ್ಡು ತೆಗೆದುಕೊಳ್ಳುವ ದೊಡ್ಡ ಕಂಪನಿಗೆ ನಾಲ್ಕು ಮಾತು ಕೇಳಬಹುದು. ತಿದ್ದಲು ಸಮಯ ಇರುವಾಗಲೇ ತೋರಿಸಲಿ. ಮಾರುವ ಮಾಲನ್ನೇ ತೋರಿಸಲಿ, ಹಳೇದನ್ನಲ್ಲ. ಹಳೇ, ಅಗ್ಗದ ಯಂತ್ರದಲ್ಲೂ ಓಡಿಸಿ ನೋಡಲು ಬಿಡಲಿ. ಬೀಟಾ ಮುಗಿಯುವ ತನಕ ಗಲ್ಲಾಪೆಟ್ಟಿಗೆ ಮುಚ್ಚಿರಲಿ.

ತೋರಿಸುವುದು ಆಗದಿದ್ದರೆ ವಾಪಸ್ ತೆಗೆದುಕೊಳ್ಳಲಿ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ 2015ರಿಂದಲೂ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ಆ ಅಂಗಡಿಗೆ ಇದರಿಂದ ಬೀಗ ಬಿದ್ದಿಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಇ-ಕಾಮರ್ಸ್ ಎಂದರೆ ಡಿಜಿಟಲ್ ಸರಕಿನ ಮಾರಾಟವೂ ಸೇರಿದೆ. ಕೆಟ್ಟ ಮಿಕ್ಸಿಗೆ ಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತುವವರು ಕೆಟ್ಟ ಆಟಕ್ಕೂ ಹತ್ತುವ ದಿನ ದೂರವಿಲ್ಲ.

ಅಲ್ಲಿಯವರೆಗೆ ಗಿರಾಕಿಯ ಕೈಲಿರುವ ಅಸ್ತ್ರ ಒಂದೇ, ತಾಳ್ಮೆ. ಮುಂಗಡ ಕೊಡಬೇಡಿ. ಬಿಡುಗಡೆಯಾಗಿ ಒಂದು ವಾರ ಕಳೆಯಲಿ, ನಿಮ್ಮದೇ ತರಹದ ಫೋನೋ ಪೆಟ್ಟಿಗೆಯೋ ಇರುವವನು ಏನಂತಾನೆ ಕೇಳಿ. ಪೇಟೆಯಲ್ಲಿ ತೆಂಗಿನಕಾಯಿಯನ್ನೂ ಅಲ್ಲಾಡಿಸಿ ನೋಡಿ ತರುವ ಜನ ಆಟದ ವಿಷಯಕ್ಕೆ ಮಾತ್ರ ಕಣ್ಣು ಮುಚ್ಚಿ ಯಾಕೆ ದುಡ್ಡು ಕೊಡಬೇಕು?