ಬಂದೂಕಿಗೆ ಲೈಸನ್ಸು ಉಂಟು, ಹಿಡಿಯುವ ಕೈಗೆ ಪಾಠವೆಲ್ಲಿ?

ಯಲ್ಲಾಪುರ ತಾಲೂಕಿನ ನಂದೊಳ್ಳಿಯಂಥ ಊರುಗಳಲ್ಲಿ ಭತ್ತ ತೆನೆಗಟ್ಟುವ ಕಾಲಕ್ಕೆ ರಾತ್ರಿ ಮಾಳ ಹತ್ತಿ ಕೂಡುವವನು ಯಾರು? ಜಮೀನಿನ ಒಡೆಯನೆ? ಕೆಲವು ಮನೆಗಳಲ್ಲಿ ಹೌದು. ಎರಡೆಕರೆ ಗದ್ದೆಯ ಬಡ ರೈತ ತನ್ನ ಗದ್ದೆಯನ್ನು ತಾನೇ ಕಾಯುತ್ತಾನೆ. ಆದರೆ ಹಲವು ಕಡೆ ಕಾಯುವವನು ಕೂಲಿಯವನು. ಹಗಲೆಲ್ಲ ತೋಟದ ಕೆಲಸ, ರಾತ್ರಿ ಹಂದಿ ಕಾಯುವ ಕೆಲಸ. ಲೈಸನ್ಸು ಇರುವುದು ಒಡೆಯನ ಹೆಸರಿನಲ್ಲಿ. ನಿದ್ದೆಗೆಟ್ಟು, ಚಳಿಯಲ್ಲಿ ನಡುಗುತ್ತ ಕತ್ತಲೆಯಲ್ಲಿ ಕೋವಿ ಹಿಡಿಯುವ ಕೈ ಇನ್ನೊಬ್ಬನದು. ಆ ಕೈಗೆ ಯಾರೂ ಪಾಠ ಹೇಳಿಲ್ಲ. ಈ ವಾರ ನಾವು ಹೇಳಬೇಕಾದ ಮಾತು ಇದೊಂದೇ.

ಪೇಟೆಯ ಗಿರಣಿಯಲ್ಲಿ ದುಡಿಯುವ ನಮಗೆ, ಅಂಗಡಿಯಲ್ಲಿ ತಕ್ಕಡಿ ಹಿಡಿದು ಕೂತ ನಮಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಗಿರಣಿಯ ಕೆಲಸಗಾರನ ಅಣ್ಣನೋ ಭಾವನೋ ಇನ್ನೂ ಹಳ್ಳಿಯಲ್ಲೇ ಇದ್ದಾನೆ. ವ್ಯಾಪಾರಿಯ ಗಿರಾಕಿ ಅದೇ ಹಳ್ಳಿಯವನು. ಬೆಳೆ ಹೋದ ವರ್ಷ ಅವನ ಉದ್ರಿ ಅಂಗಡಿಯ ಪುಸ್ತಕದಲ್ಲಿ ಉಳಿಯುತ್ತದೆ. ಅದೂ ಅಲ್ಲದೆ, ಬ್ಯಾಂಕಿನ ಬಾಗಿಲಲ್ಲಿ, ಹಣ ಸಾಗಿಸುವ ವ್ಯಾನಿನಲ್ಲಿ ಬಂದೂಕು ಹಿಡಿದು ಹನ್ನೆರಡು ತಾಸು ನಿಲ್ಲುವವನು ಯಾರು? ಅವನೂ ನಮ್ಮಂತೆ ಸಂಬಳಕ್ಕೆ ದುಡಿಯುವವನೇ. ಬಂದೂಕಿನ ಪ್ರಶ್ನೆ ಹಳ್ಳಿಯಲ್ಲಾಗಲಿ ಪೇಟೆಯಲ್ಲಾಗಲಿ ದುಡಿಯುವವನ ಪ್ರಶ್ನೆಯೇ ಆಗಿದೆ.

ಕಾಯಿದೆ ಏನು ಹೇಳುತ್ತದೆ, ನೋಡೋಣ. 1959ರ ಆಯುಧ ಕಾಯಿದೆಯ ಹದಿಮೂರನೆಯ ಕಲಮು ಬೆಳೆ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು, ರೈತನಿಗೆ ಕೊಡಬೇಕೆಂದು ಒಪ್ಪಿದೆ. ಅದು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ತೋಟಾ ಕೋವಿಯನ್ನೂ ಕೊಡಬಹುದು. 2019ರ ತಿದ್ದುಪಡಿಯಿಂದ ಲೈಸನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಅದೇ ತಿದ್ದುಪಡಿಯಿಂದ ಲೈಸನ್ಸಿಲ್ಲದೆ ಬಂದೂಕು ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷದ ಸಜೆಯೂ ಬಂತು. ಒಡೆಯನು "ಹೋಗು, ಹಂದಿ ಕಾಯಿ" ಎಂದು ಕೋವಿ ಕೊಟ್ಟು ಕಳಿಸಿದ ಕೂಲಿಯವನು ಲೈಸನ್ಸಿನಲ್ಲಿ ತನ್ನ ಹೆಸರಿಲ್ಲದಿದ್ದರೆ ಈ ಸಜೆಯ ಬಾಯಿಗೇ ಬೀಳುತ್ತಾನೆ. ಬೆಳೆ ಉಳಿದರೆ ಲಾಭ ಒಡೆಯನಿಗೆ, ಕೇಸು ಬಿದ್ದರೆ ಜೈಲು ಕೂಲಿಗೆ, ಕೋವಿ ಸಿಡಿದರೆ ಕಣ್ಣು ಹೋಗುವುದೂ ಕೂಲಿಗೇ.

ತರಬೇತಿಯ ಮಾತನ್ನೂ ಸರಕಾರ ಮರೆತಿಲ್ಲ, ಕಾಗದದಲ್ಲಿ. 2016ರ ಆಯುಧ ನಿಯಮಗಳು ಲೈಸನ್ಸು ಬೇಡುವವನು ಸುರಕ್ಷತೆಯ ಪಾಠ ಮುಗಿಸಿ ಪ್ರಮಾಣಪತ್ರ ತರಬೇಕೆಂದು ವಿಧಿಸಿದವು. ಬಂದೂಕನ್ನು ಇಡುವ, ಸಾಗಿಸುವ ರೀತಿ, ಗುಂಡು ಹಾರಿಸುವ ಕ್ರಮ, ಮಕ್ಕಳ ಕೈಗೆ ಸಿಗದಂತೆ ಕಾಪಾಡುವುದು, ಕಾಯಿದೆಯ ತಿಳಿವಳಿಕೆ, ಇವೆಲ್ಲ ಆ ಪಾಠದಲ್ಲಿ ಸೇರಿವೆ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುವುದೂ ಉಂಟು. ನಿಯಮ ಒಳ್ಳೆಯದೇ. ಅದರ ವಿರುದ್ಧ ನಮ್ಮ ತಕರಾರಿಲ್ಲ. ಆ ಪಾಠವು ಯಾರ ಮನೆ ಬಾಗಿಲಿಗೆ ಬರುತ್ತದೆ, ಯಾರಿಗೆ ಎಟಕುವುದಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಲೆಕ್ಕ ಹಾಕಿ ನೋಡೋಣ. ಜಿಲ್ಲೆಯ ಮುಖ್ಯ ಸ್ಥಳ ಕಾರವಾರ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆಯ ಮೇಲೆ ಹೋದರೆ ಸುಮಾರು ನೂರು ಕಿಲೋಮೀಟರು. ಶಿಬಿರ ಅಲ್ಲಿ ಐದು ದಿನ ನಡೆಯುವುದೆಂದು ಇಟ್ಟುಕೊಳ್ಳಿ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಅದನ್ನೇ ಅಳತೆಗೋಲಾಗಿ ಹಿಡಿದರೂ ಐದು ದಿನಕ್ಕೆ ಕೂಲಿಯವನು ಕಳೆದುಕೊಳ್ಳುವುದು 1,850 ರೂಪಾಯಿ. ಇದರ ಮೇಲೆ ಬಸ್ಸಿನ ಚಾರ್ಜು, ಊಟ, ತಂಗುವ ಜಾಗದ ಖರ್ಚು. ನೂರು ಎಕರೆಯವನಿಗೆ ಇದು ವೀಳ್ಯದೆಲೆಯ ಖರ್ಚು. ನಂದೊಳ್ಳಿಯ ಕೂಲಿಯವನಿಗೆ ಅದು ಮನೆಯ ತಿಂಗಳ ಅಕ್ಕಿ ಬೇಳೆ. ಹೀಗಿರುವಾಗ ಶಿಬಿರದಲ್ಲಿ ಮುಂದಿನ ಸಾಲಿನಲ್ಲಿ ಯಾರು ಕೂಡುತ್ತಾರೆಂದು ಹೇಳಲು ಜೋಯಿಸರು ಬೇಕಾಗಿಲ್ಲ.

ಪಾಠದಲ್ಲಿ ಅಂಥದೇನಿದೆ, ಅಪ್ಪ ಹಿಡಿದ ಕೋವಿಯನ್ನು ಮಗ ಹಿಡಿಯುವುದಿಲ್ಲವೆ, ಎಂದು ಕೆಲವರು ನಗುತ್ತಾರೆ. ನಗುವ ಮೊದಲು ಒಂದೆರಡು ಸಂಗತಿ ಕೇಳಲಿ. ಕೇಪಿನ ಕೋವಿ ತುಂಬಿದೆಯೋ ಬರಿದಾಗಿದೆಯೋ ಹೊರಗಿನಿಂದ ಕಾಣುವುದಿಲ್ಲ. ತುಂಬಿದ್ದನ್ನು ಮರೆತು ಇನ್ನೊಮ್ಮೆ ಮದ್ದು ಜಡಿದರೆ ನಳಿಗೆಯೇ ಸೀಳಬಹುದು. ಇದಕ್ಕೆ ಉಪಾಯ ಬಲು ಸುಲಭ. ನಳಿಗೆ ಬರಿದಿರುವಾಗ ಮದ್ದು ಜಡಿಯುವ ಸರಳನ್ನು ಒಳಗಿಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೆರೆ ಕೊರೆದಿಡಬೇಕು. ಮುಂದೆ ಎಂದಾದರೂ ಸರಳು ಇಳಿಸಿದಾಗ ಆ ಗೆರೆ ಮೇಲೆ ಉಳಿದರೆ ಒಳಗೆ ಈಡು ಇದೆಯೆಂದು ತಿಳಿಯಬೇಕು. ಮಲೆನಾಡಿನ ತೇವಕ್ಕೆ ಮದ್ದು ಥಂಡಿ ಹಿಡಿಯುತ್ತದೆ. ಕೇಪು ಸಿಡಿದು ಈಡು ಹಾರದಿದ್ದರೆ ಹೊಸಬನು ಏನಾಯಿತೆಂದು ಕೋವಿಯನ್ನು ತಿರುಗಿಸಿ ನೋಡುತ್ತಾನೆ. ಅಷ್ಟರಲ್ಲಿ ಒಳಗೆ ಕಿಡಿ ತಾಗಿ ಈಡು ಹಾರಬಹುದು. ಬಾಯಿಯನ್ನು ಜನರಿಲ್ಲದ ಕಡೆಗೆ ಹಿಡಿದು ಪೂರಾ ಒಂದು ನಿಮಿಷ ಅಲುಗದೆ ನಿಲ್ಲಬೇಕು. ಈ ಒಂದು ನಿಮಿಷದ ಪಾಠ ಒಬ್ಬನ ಮುಖವನ್ನು ಉಳಿಸುತ್ತದೆ. ತೋಟಾ ಕೋವಿಯಾದರೆ ಮಡಚಿ, ನಳಿಗೆಯೊಳಗೆ ಬೆಳಕು ಕಂಡಮೇಲೆಯೇ ಇನ್ನೊಬ್ಬನ ಕೈಗೆ ಕೊಡಬೇಕು. ಪೊದೆ ಅಲುಗಿತೆಂದು ಕುದುರೆ ಎಳೆಯಬಾರದು. ಏನೆಂದು ಕಣ್ಣಾರೆ ಕಾಣಬೇಕು, ಅದರ ಹಿಂದೆ ಏನಿದೆಯೆಂದೂ ತಿಳಿದಿರಬೇಕು. ಕಾಡಿನಂಚಿನ ಊರಿನಲ್ಲಿ ಪೊದೆಯ ಹಿಂದೆ ಸೊಪ್ಪು ಕೊಯ್ಯುವ ಹೆಂಗಸು ಇರಬಹುದು, ಎಮ್ಮೆ ಹುಡುಕುವ ಗೌಳಿ ಹುಡುಗ ಇರಬಹುದು.

ರೈಫಲಿನ ಪಾಠವೂ ಇದೇ ಬಗೆಯದು. ಶಿಬಿರಗಳಲ್ಲಿ ಕಲಿಯುವವರಿಗೆ ಸಾಮಾನ್ಯವಾಗಿ ಕೊಡುವುದು ಪಾಯಿಂಟ್ ಟೂ ಟೂ ರೈಫಲು. ನೋಡಲು ಆಟಿಕೆಯಂತೆ ಕಾಣುತ್ತದೆ. ಅದರ ಗುಂಡು ಒಂದೂವರೆ ಕಿಲೋಮೀಟರಿಗೂ ಮಿಕ್ಕಿ ಹೋಗಬಲ್ಲದು. ಮೊದಲ ದಿನಗಳಲ್ಲಿ ಗುಂಡಿನ ಸುದ್ದಿಯೇ ಇರಬಾರದು. ಮಲಗಿ ಹಿಡಿಯುವುದು, ಹಿಂದಿನ ಮುಂದಿನ ಗುರಿಕಾಯಿಗಳನ್ನು ಒಂದು ನೇರಕ್ಕೆ ತರುವುದು, ಉಸಿರನ್ನು ಅರ್ಧ ಬಿಟ್ಟು ತಡೆಯುವುದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತುವುದು. ಆಮೇಲೆ ಐದು ಗುಂಡು. ಐದೂ ಒಂದೇ ಕಡೆ ಗುಂಪಾಗಿ ಬಿದ್ದರೆ, ಅದು ಗುರಿಯಿಂದ ದೂರವಿದ್ದರೂ, ಹಿಡಿಯುವವನು ಕಲಿತಿದ್ದಾನೆಂದು ಲೆಕ್ಕ, ಗುರಿಕಾಯಿ ಸರಿಪಡಿಸಿದರಾಯಿತು. ಚೆಲ್ಲಾಪಿಲ್ಲಿಯಾಗಿ ಬಿದ್ದು ಒಂದು ಮಾತ್ರ ನಡುವಿಗೆ ತಾಗಿದರೆ ಅದು ಅದೃಷ್ಟವೇ ಹೊರತು ವಿದ್ಯೆಯಲ್ಲ.

ಕಲಿಸುವವನ ವಿದ್ಯೆ ಇದಕ್ಕಿಂತ ಬೇರೆ. ಒಳ್ಳೆಯ ಗುರಿಕಾರನೆಲ್ಲ ಒಳ್ಳೆಯ ಶಿಕ್ಷಕನಲ್ಲ. ಶಿಕ್ಷಕನ ಕಣ್ಣು ಗುರಿಯ ಹಲಗೆಯ ಮೇಲಲ್ಲ, ಕಲಿಯುವವನ ಬೆರಳು, ಭುಜ, ಮುಖದ ಮೇಲೆ ಇರಬೇಕು. ಅವನು ಹುಸಿ ತೋಟೆಯನ್ನು ನಿಜದ ತೋಟೆಯ ಜತೆ ಗೊತ್ತಾಗದಂತೆ ಬೆರೆಸಿ ಕೊಡುತ್ತಾನೆ. ಹುಸಿ ತೋಟೆ ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ಕಲಿಯುವವನ ಭುಜ ನಡುಗಿದರೆ, ಕಣ್ಣು ಮುಚ್ಚಿದರೆ, ಅವನ ಹೆದರಿಕೆ ಬಯಲಾಯಿತು. ಬೈಯದೆ, ನಗದೆ ಅದನ್ನು ತಿದ್ದಬೇಕು. ಇಂಥ ಶಿಕ್ಷಕರು ಜಿಲ್ಲೆಯ ಮುಖ್ಯ ಸ್ಥಳದಲ್ಲಿ ಬೆರಳೆಣಿಕೆಯವರು ಇದ್ದರೆ ಸಾಲದು. ಕೂಲಿಯವನ ಮಾತು ತಿಳಿದವನು, ಅವನ ಜತೆ ಕೂತು ಚಹಾ ಕುಡಿಯುವವನು, ಅವನ ಊರಿನಲ್ಲೇ ಶಿಕ್ಷಕನಾಗಬೇಕು.

ಸಮಾಜವಾದಿಗಳು ಬಂದೂಕಿನ ಮಾತಾಡುವುದೆ ಎಂದು ಹುಬ್ಬೇರಿಸುವವರಿಗೆ ಚರಿತ್ರೆಯನ್ನು ನೆನಪಿಸುತ್ತೇವೆ. 1857ರಲ್ಲಿ ಮುಧೋಳದ ಹತ್ತಿರದ ಹಲಗಲಿಯ ಬೇಡರು ದಂಗೆಯೆದ್ದದ್ದು ಆಯುಧ ಕಸಿಯುವ ಕಾಯಿದೆಯ ವಿರುದ್ಧ. 1878ರಲ್ಲಿ ಲಿಟ್ಟನ್ನನ ಆಳಿಕೆ ದೇಶದ ಜನರ ಕೈ ಬರಿದು ಮಾಡಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. 1931ರ ಕರಾಚಿ ಕಾಂಗ್ರೆಸ್ಸು ಮೂಲಭೂತ ಹಕ್ಕುಗಳ ಠರಾವಿನಲ್ಲಿ, ಕಟ್ಟಳೆಗೊಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕನ್ನೂ ಸೇರಿಸಿತು. ಅದೇ ಕಾಲದಲ್ಲಿ ನಮ್ಮ ಸಿದ್ದಾಪುರ, ಅಂಕೋಲೆಗಳ ರೈತರು ಕೋವಿಯಿಲ್ಲದೆ ಕರನಿರಾಕರಣೆ ಮಾಡಿ, ಜಮೀನು ಕಳೆದುಕೊಂಡರೂ ಬಾಗದೆ ನಿಂತರು. ಆದುದರಿಂದ ನಾವು ಬಂದೂಕಿನ ಪೂಜಾರಿಗಳಲ್ಲ. ಹಕ್ಕು ಗೆಲ್ಲುವುದು ಒಗ್ಗಟ್ಟಿನಿಂದ, ನಳಿಗೆಯಿಂದಲ್ಲ. ಊರಿಗೆ ಇನ್ನೂ ಹತ್ತು ಕೋವಿ ಬರಲೆಂದು ನಾವು ಕೇಳುತ್ತಿಲ್ಲ. ಇರುವ ಕೋವಿಯಿಂದ ದುಡಿಯುವವನು ಸಾಯದಿರಲೆಂದು ಕೇಳುತ್ತೇವೆ.

ತರಬೇತಿ ಕೊಟ್ಟರೆ ಶಿಕಾರಿ ಹೆಚ್ಚೀತೆಂಬ ಇನ್ನೊಂದು ಆಕ್ಷೇಪವಿದೆ. ಇದರಲ್ಲಿ ಸ್ವಲ್ಪ ಹುರುಳುಂಟು, ತಳ್ಳಿಹಾಕುವಂತಿಲ್ಲ. ಬೆಳೆ ರಕ್ಷಣೆಯ ಲೈಸನ್ಸು ಬೇಟೆಯ ರಹದಾರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಯಲ್ಲಿದೆ. ಗದ್ದೆಯ ಕಾವಲಿಗೆ ಆಕಾಶಕ್ಕೆ ಹಾರಿಸಿದ ಒಂದು ಸದ್ದು ಬಹಳ ಸಲ ಸಾಕಾಗುತ್ತದೆ. ಆದರೆ ಈ ಕಾಯಿದೆಯನ್ನು ಕೂಲಿಯವನಿಗೆ ಬಿಡಿಸಿ ಹೇಳಿದವರು ಯಾರು? ಅವನು ಅದನ್ನು ತಿಳಿಯುವುದು ಕೈಗೆ ಬೇಡಿ ಬಿದ್ದ ದಿನ. ಪಾಠ ಸಿಕ್ಕರೆ ಅದಕ್ಕೆ ಮೊದಲೇ ತಿಳಿದಾನು. ತಿಳಿಯದವನಿಂದ ಕಾಡಿಗೆ ಆಗುವ ಹಾನಿ ತಿಳಿದವನಿಂದ ಆಗುವುದಕ್ಕಿಂತ ಹೆಚ್ಚು.

ಹಣವೆಲ್ಲಿದೆ ಎಂಬುದು ಕೊನೆಯ ಆಕ್ಷೇಪ. ಪೇಟೆಯ ಖಾಸಗಿ ಕಾವಲುಗಾರರಿಗಾಗಿ 2005ರಲ್ಲಿ ಕಾಯಿದೆ ಬಂತು. 2006ರ ಮಾದರಿ ನಿಯಮಗಳು ಅವರಿಗೆ ನೂರು ತಾಸಿನ ತರಗತಿ, ಅರವತ್ತು ತಾಸಿನ ಮೈದಾನದ ಅಭ್ಯಾಸ, ಕನಿಷ್ಠ ಇಪ್ಪತ್ತು ದಿನದ ತರಬೇತಿ ವಿಧಿಸಿದವು. ಬ್ಯಾಂಕಿನ ತಿಜೋರಿ ಕಾಯುವವನಿಗೆ ಇಪ್ಪತ್ತು ದಿನದ ತರಬೇತಿ ಬೇಕಾದರೆ, ದೇಶದ ಅನ್ನ ಕಾಯುವವನಿಗೆ ಐದು ದಿನವೂ ಬೇಡವೆ? 1955ರಲ್ಲಿ, ಬಡತನ ಇನ್ನೂ ಹೆಚ್ಚಿದ್ದ ಕಾಲದಲ್ಲಿ, ಲೋಕ ಸಹಾಯಕ ಸೇನೆಯ ಹೆಸರಿನಲ್ಲಿ ಐದು ವರ್ಷಕ್ಕೆ ಐದು ಲಕ್ಷ ಸಾಮಾನ್ಯ ಜನರಿಗೆ ಶಿಬಿರ ನಡೆಸಿ ಕಲಿಸಲು ಸರಕಾರ ಹೊರಟಿತ್ತು. ಮನಸ್ಸಿದ್ದಾಗ ದಾರಿಯಿತ್ತು.

ಆದುದರಿಂದ ನಮ್ಮ ಬೇಡಿಕೆಗಳು ಹೀಗಿವೆ. ಮೊದಲನೆಯದಾಗಿ, ಪಾಠವನ್ನು ಎರಡಾಗಿ ಒಡೆಯಿರಿ. ಗುಂಡು ಬೇಡದ ಭಾಗವನ್ನು, ಅಂದರೆ ಬಿಚ್ಚುವುದು, ಒರೆಸುವುದು, ಹಿಡಿಯುವುದು, ಬೀಗ ಹಾಕಿಡುವುದು, ಕಾಯಿದೆ ತಿಳಿಯುವುದು ಇವನ್ನು, ನಂದೊಳ್ಳಿಯಂಥ ಊರಿನ ಶಾಲೆಯ ಜಗಲಿಯಲ್ಲೇ, ಹುಸಿ ತೋಟೆಯಿಂದ, ಕೊಯ್ಲಿಲ್ಲದ ದಿನಗಳಲ್ಲಿ ನಡೆಸಬಹುದು. ಗುಂಡು ಹಾರಿಸಲು ಮಾತ್ರ ಒಂದು ದಿನ ಪೊಲೀಸರ ಗುರಿ ಮೈದಾನಕ್ಕೆ ಸರಕಾರಿ ಬಸ್ಸಿನಲ್ಲಿ ಕರೆದೊಯ್ಯಿರಿ. ಎರಡನೆಯದಾಗಿ, ಪ್ರತಿ ಪಂಚಾಯತಿಗೆ ಇಬ್ಬರು ಶಿಕ್ಷಕರನ್ನು ತಯಾರು ಮಾಡಿರಿ. ಒಬ್ಬನು ಊರಿಗೆ ಮರಳಿದ ಮಾಜಿ ಸೈನಿಕನಾದರೆ ಇನ್ನೊಬ್ಬನು ಕೂಲಿಕಾರರ ಪೈಕಿಯವನಾಗಿರಲಿ. ಸಿದ್ದಿ, ಕುಣಬಿ, ಗೌಳಿ ಕೇರಿಗಳನ್ನು ಮರೆಯಕೂಡದು. ಮೂರನೆಯದಾಗಿ, ತರಬೇತಿಯ ದಿನಗಳಿಗೆ ಕೂಲಿ ಕೊಡಿರಿ. ನಾಲ್ಕನೆಯದಾಗಿ, ನಿಜವಾಗಿ ಕಾವಲು ಕಾಯುವವನ ಹೆಸರು ದಾಖಲೆಗೆ ಬರಲಿ. ಪಾಠ ಕಲಿಯದವನ ಕೈಗೆ ಕೋವಿ ಕೊಟ್ಟ ಒಡೆಯನೇ ಅಪಘಾತಕ್ಕೆ ಮೊದಲ ಹೊಣೆಗಾರನೆಂದು ಗೊತ್ತುಪಡಿಸಿರಿ.

ಐದನೆಯದು ಚುನಾವಣೆಯ ಮಾತು. 2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಮೇ ತಿಂಗಳಲ್ಲಿ ಲೋಕಸಭೆ, ಎರಡಕ್ಕೂ ಈ ಸೀಮೆ ಮತ ಹಾಕಿತು. ಚುನಾವಣೆ ಬಂತೆಂದರೆ ಬೆಳೆಗಾರನು ಕೋವಿಯನ್ನು ಠಾಣೆಯಲ್ಲಿ ಇಡಬೇಕು. ಆ ದಿನಗಳಲ್ಲಿ ಹಂದಿಗೂ ಮಂಗನಿಗೂ ಚುನಾವಣಾ ಸಂಹಿತೆ ಅನ್ವಯಿಸುವುದಿಲ್ಲ. ಯಾರ ಆಯುಧ ತೆಗೆದಿಡಬೇಕೆಂದು ಪ್ರತ್ಯೇಕವಾಗಿ ಪರಿಶೀಲಿಸಲು ಚುನಾವಣಾ ಆಯೋಗದ ಸೂಚನೆಯಲ್ಲೇ ಅವಕಾಶವಿದೆ. ಪರಿಶೀಲಿಸುವ ಸಮಿತಿಯ ಮುಂದೆ ತರಬೇತಿಯ ಪ್ರಮಾಣಪತ್ರಕ್ಕೂ ಕಳಂಕವಿಲ್ಲದ ನಡತೆಗೂ ಬೆಲೆ ಬರಲಿ. ಕಲಿತವನಿಗೆ ಅಷ್ಟಾದರೂ ಮಾನ ಸಿಗಲಿ.

ಸಹಕಾರಿ ಸಂಘಗಳು, ಪಂಚಾಯತಿಗಳು ಈ ಬೇಡಿಕೆಯ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಬೇಕು. ಗಿರಣಿಯ ಬಂಧುಗಳು ದೀಪಾವಳಿಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಲಿ. ಮನೆಯ ಗೋಡೆಗೆ ಕೋವಿ ತೂಗಿದ್ದರೆ ಅದು ಮಕ್ಕಳಿಗೆ ಎಟಕುತ್ತದೆಯೆ, ಬರಿದಾಗಿದೆಯೆ, ಮದ್ದು ಬೇರೆ ಕಡೆ ಬೀಗದಲ್ಲಿದೆಯೆ ಎಂದು ವಿಚಾರಿಸಲಿ. ರಾತ್ರಿ ಅದನ್ನು ಹಿಡಿದು ಮಾಳ ಹತ್ತುವವನು ಯಾರೆಂದೂ ಕೇಳಲಿ. ಅವನ ಹೆಸರು ಲೈಸನ್ಸಿನಲ್ಲಿ ಇಲ್ಲದಿದ್ದರೆ, ಅವನು ಪಾಠ ಕಲಿಯದಿದ್ದರೆ, ಆ ಮನೆಯವರೊಡನೆ ಅಂದೇ ಮಾತಾಡಲಿ. ಸರಕಾರದ ಆಜ್ಞೆ ಬರಲು ದಿನ ಹಿಡಿದೀತು. ಈ ವಿಚಾರಣೆಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.